ಹಾಸಿಗೆ ಬಿದ್ದ ಕೇಸು

ಒಣಗಿದ ಬಟ್ಟೆಗಳಿಗೆ ನಾನು ನೀರು ಚಿಮುಕಿಸುತ್ತಿದ್ದೆ. ಒಂದೊಂದೇ ಅಂಗಿಯನ್ನು ಮೇಜಿನ ಮೇಲೆ ಹರಡುವುದು, ಬಟ್ಟಲಿನಲ್ಲಿ ಬೆರಳು ಅದ್ದಿ ಚಿಮುಕಿಸುವುದು, ತೇವ ಎಲ್ಲ ಕಡೆಗೂ ಹಬ್ಬಲಿ ಎಂದು ಬಿಗಿಯಾಗಿ ಸುರುಳಿ ಸುತ್ತಿ ಬುಟ್ಟಿಯಲ್ಲಿ ಜೋಡಿಸುವುದು. ಈ ಕೆಲಸಕ್ಕೆ ಮಾತು ಬೇಕಿಲ್ಲ. ನನಗೆ ಅದು ಒಗ್ಗಿರುವುದೂ ಅದಕ್ಕೇ. ಮೇಜಿನ ಆಚೆ ಸೋದರಮಾವ ಇಸ್ತ್ರಿ ಪೆಟ್ಟಿಗೆ ಓಡಿಸುತ್ತಿದ್ದರು. ಹಿಂದಿನ ಕೋಣೆಯಲ್ಲಿ ಅತ್ತೆ ಗಂಜಿ ಕದಡುತ್ತಿದ್ದರು. ಮೂವರಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ನಮ್ಮ ಅಂಗಡಿಯಲ್ಲಿ ಬೆಳಗಿನ ಹೊತ್ತು ಬಿಡಬೇಕಾದ ಉಸಿರನ್ನೆಲ್ಲ ಇಸ್ತ್ರಿ ಪೆಟ್ಟಿಗೆಯೇ ಬಿಡುತ್ತದೆ. ನಮ್ಮ ಪಾಲಿಗೆ ಉಳಿಯುವುದಿಲ್ಲ.

ಮಾವ ಎತ್ತರದ ಆಳು. ಇಸ್ತ್ರಿಯಾದ ಬಟ್ಟೆ ತೂಗುಹಾಕುವ ಕಂಬಿಯನ್ನು ಅಂಗಡಿ ತೆರೆದ ದಿನ ತಮ್ಮ ಬಲಗೈ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಗೇ ಹೊಡೆಸಿದ್ದರು. ಅತ್ತೆಗೂ ನನಗೂ ಅದು ಆಕಾಶ. ನನಗೆ ಸ್ಟೂಲು ಹತ್ತಿದರೆ ಸಿಗುತ್ತಿತ್ತು. ಅತ್ತೆಗೆ ಸ್ಟೂಲು ಹತ್ತಿದರೂ ಸಿಗುತ್ತಿರಲಿಲ್ಲ, ಹತ್ತುವುದಕ್ಕೆ ಅವರು ಒಪ್ಪುತ್ತಲೂ ಇರಲಿಲ್ಲ. ಮಾವನ ಕೈ ಮಾತ್ರ, ಮಾವ ಬೇರೆಲ್ಲೋ ನೋಡುತ್ತಿದ್ದರೂ, ತಾನೇ ಮೇಲೆ ಹೋಗಿ ಹ್ಯಾಂಗರ್ ಸಿಕ್ಕಿಸಿ ತಾನೇ ಕೆಳಗೆ ಬರುತ್ತಿತ್ತು.

ಅಂದು ಮಾವ ವಕೀಲರ ಕರಿ ಕೋಟು ಕೊಟ್ಟುಬರಲು ಹೊರಟರು. ಕೋಟು ಹ್ಯಾಂಗರಿನಲ್ಲಿ, ಹ್ಯಾಂಗರು ಬಲಗೈಯಲ್ಲಿ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹಾಸಿಗೆ ಅಂಗಡಿಯ ವ್ಯಾನು ಬೀದಿಯ ತಿರುವಿನಲ್ಲಿ ತಿರುಗಿತು. ಅದರ ಮೇಲೆ ಕಟ್ಟಿದ್ದ, ಅಥವಾ ಕಟ್ಟಿದ್ದೇವೆಂದು ವ್ಯಾನಿನವರು ತಿಳಿದಿದ್ದ, ಜೋಡಿ ಹಾಸಿಗೆ ತಿರುಗಲಿಲ್ಲ. ಅದು ನೆಟ್ಟಗೆ ಬಂತು.

ಬೀಳುವವರು ಯಾರೇ ಆದರೂ ಮೊದಲು ಕೈ ಊರುತ್ತಾರೆ. ಮಾವ ಊರಲಿಲ್ಲ. ಕೈಯಲ್ಲಿ ಇಸ್ತ್ರಿಯಾದ ಕೋಟು ಇತ್ತು. ಬಲಗೈಯನ್ನು ಬಾವುಟದ ಕಂಬದಂತೆ ಮೇಲೆತ್ತಿಕೊಂಡೇ ಭುಜದ ಮೇಲೆ ದೊಪ್ಪನೆ ಬಿದ್ದರು. ಅವರ ಮೇಲೆ ಹಾಸಿಗೆ ಬಿತ್ತು. ಸ್ವಲ್ಪ ಹೊತ್ತು ಬೀದಿಯಲ್ಲಿ ಕಂಡದ್ದು ಇಷ್ಟೇ: ಒಂದು ದೊಡ್ಡ ಹಾಸಿಗೆ, ಅದರ ಅಡಿಯಿಂದ ಒಂದು ಕೈ, ಆ ಕೈಯಲ್ಲಿ ಒಂದು ಕೋಟು. ಕೋಟಿನಲ್ಲಿ ಒಂದು ಸುಕ್ಕೂ ಇರಲಿಲ್ಲ.

ಜನ ಓಡಿ ಬಂದರು. ಇಂಥ ಹೊತ್ತಿನಲ್ಲಿ ಬುದ್ಧಿ ಇರುವವನು ಬಿದ್ದಲ್ಲೇ ಮಲಗಿರುತ್ತಾನೆ. ಹಾಸಿಗೆ ಬೇರೆ ಪಕ್ಕದಲ್ಲೇ ಇತ್ತು. ಆದರೆ ಮಾವನಿಗೆ ಹತ್ತು ಜನ ತಮ್ಮನ್ನು ನೋಡುವುದೆಂದರೆ ಆಗದು. ಚಂಗನೆ ಎದ್ದು, "ಏನಿಲ್ಲ ಏನಿಲ್ಲ, ನನಗೇನೂ ಆಗಿಲ್ಲ," ಅಂದರು. ವ್ಯಾನಿನವನು ಹೆದರಿ ಬೆವರುತ್ತಿದ್ದ. ಅವನನ್ನು ನೋಡಿ ಮಾವನಿಗೆ ಪಾಪ ಅನಿಸಿತು. "ತಪ್ಪು ನಂದೇ ಕಣಪ್ಪಾ, ಹಾಸಿಗೆ ಬರ್ತಿರೋದು ನಾನು ನೋಡ್ಬೇಕಿತ್ತು," ಅಂದರು. ಅಷ್ಟಕ್ಕೇ ಬಿಡಲಿಲ್ಲ. ಎಡಗೈ ಕೊಟ್ಟು, ಬೆನ್ನು ಕೊಟ್ಟು, ಆ ಹಾಸಿಗೆಯನ್ನು ಮತ್ತೆ ವ್ಯಾನಿನ ಮೇಲೆ ಏರಿಸಿಯೂ ಕೊಟ್ಟರು. ಕಟ್ಟುವುದು ಹೇಗೆಂದು ತೋರಿಸಿಕೊಟ್ಟರು. ಆಮೇಲೆ ಹೋಗಿ ಕೋಟು ಕೊಟ್ಟುಬಂದರು.

ಸಂಜೆ ಹೊತ್ತಿಗೆ ಅವರ ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಹೋಗಲಿಲ್ಲ.

ಮಾರನೆಯ ದಿನವೂ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್ ತೆಗೆದು, ಭುಜದ ಒಳಗಿನ ಸ್ನಾಯು ಹರಿದಿದೆ ಅಂದರು. ಆಪರೇಷನ್ ಮಾಡಿಸಿದರೆ ಕೈ ಮೊದಲಿನ ಹಾಗೆ ಆಗುತ್ತದೆ, ಬಿಟ್ಟರೆ ಹೀಗೇ ಉಳಿಯುತ್ತದೆ. ಅಲ್ಲಿಯವರೆಗೆ ಕೊರಳಿನಿಂದ ಒಂದು ಬಿಳಿ ಪಟ್ಟಿ ಇಳಿಬಿಟ್ಟು ಕೈಯನ್ನು ಅದರಲ್ಲಿ ಮಲಗಿಸಿರಬೇಕು. ಆಪರೇಷನ್ನಿನ ಖರ್ಚು ಕೇಳಿ ಅತ್ತೆ ಅಲ್ಲೇ ಬೆಂಚಿನ ಮೇಲೆ ಕುಳಿತರು. ಅದು ನಮ್ಮ ಅಳವಿನ ಮಾತಾಗಿರಲಿಲ್ಲ.

ಬೀದಿಗೆ ಮಾತ್ರ ಇದು ಬೇರೆ ಥರ ಕಂಡಿತು. ಎದುರಿನ ಕಟಿಂಗ್ ಅಂಗಡಿಯವನನ್ನು ಎಲ್ಲರೂ ಕತ್ತರಿಯಣ್ಣ ಅನ್ನುತ್ತಾರೆ. ಕತ್ತರಿಗಿಂತ ಅವನ ನಾಲಿಗೆ ಹರಿತ. ಗಿರಾಕಿಗಳಿಗೆ ಎರಡರಿಂದಲೂ ಆಗಾಗ ಗಾಯವಾಗುತ್ತದೆ. ಅವನು ಸುದ್ದಿ ಕೇಳಿ ಓಡಿ ಬಂದವನು ಬಾಗಿಲಲ್ಲೇ ಹೊಟ್ಟೆ ಹಿಡಿದುಕೊಂಡು ನಿಂತ.

"ಅಣ್ಣಾ, ಹಾಸಿಗೆಯಿಂದ ಪೆಟ್ಟಾಯ್ತಾ?"

"ಹೂಂ."

"ಲಾರಿ ಬಿದ್ರೆ ಪೆಟ್ಟಾಗುತ್ತೆ. ಗೋಡೆ ಬಿದ್ರೆ ಪೆಟ್ಟಾಗುತ್ತೆ. ಊರಿನ ಜನ ಎಲ್ಲಾ ದಿನಾ ಹಾಸಿಗೆ ಮೇಲೆ ಬೀಳ್ತಾರೆ, ಬೆಳಗ್ಗೆ ಚೆನ್ನಾಗೇ ಎದ್ದೇಳ್ತಾರೆ. ನಿನಗೊಬ್ಬನಿಗೇ ಏನಪ್ಪಾ ಇದು?"

"ಸ್ಪ್ರಿಂಗಿನ ಹಾಸಿಗೆ ಕಣೋ. ಭಾರ ಇತ್ತು."

"ದಿಂಬೂ ಬಿತ್ತಾ?"

ಸಂಜೆಯೊಳಗೆ ಬೀದಿಯ ಆ ಕೊನೆಯವರೆಗೂ ಇದು ಹಾಸಿಗೆ ಕೇಸು ಆಯಿತು. ಕೇಸು ಇನ್ನೂ ಆಗಿರಲಿಲ್ಲ ಎನ್ನುವುದು ಬೇರೆ ಮಾತು.

ಅದನ್ನು ಕೇಸು ಮಾಡಿದವರು ವಕೀಲರು. ತಮ್ಮ ಕೋಟಿಗಾಗಿ ಒಬ್ಬ ಮನುಷ್ಯ ಭುಜ ಮುರಿದುಕೊಂಡ ಎಂದು ತಿಳಿದು ಅವರ ಕಣ್ಣಲ್ಲಿ ನೀರು ಬಂತಂತೆ. ಅದೇ ಕೋಟು ತೊಟ್ಟುಕೊಂಡು ಅಂಗಡಿಗೇ ಬಂದರು.

"ನೋಡಿ ಯಜಮಾನ್ರೇ, ಹಾಸಿಗೆ ಸರಿಯಾಗಿ ಕಟ್ಟದೆ ಇದ್ದದ್ದು ಅವರ ತಪ್ಪು. ಆ ವ್ಯಾನಿಗೆ ವಿಮೆ ಇದೆ. ವಿಮೆ ಕಂಪನಿಯವರೇ ಪರಿಹಾರ ಕೊಡಬೇಕು, ಅದರಲ್ಲಿ ನಿಮ್ಮ ಆಪರೇಷನ್ ಆಗಬೇಕು. ನೀವು ನನಗೇನೂ ಕೊಡೋದು ಬೇಡ."

"ಪಾಪ, ಆ ಡ್ರೈವರ್ ಹುಡುಗನಿಗೆ ತೊಂದರೆ ಆಗಲ್ವಾ ಸಾರ್?" ಅಂದರು ಮಾವ.

"ಆಗಲ್ಲ. ಕೊಡೋದು ಕಂಪನಿ."

"ಕಂಪನಿಯವರಿಗೆ ತೊಂದರೆ...?"

ವಕೀಲರು ಅತ್ತೆಯ ಕಡೆಗೆ ತಿರುಗಿದರು. "ಅಮ್ಮಾ, ನನಗೆ ಮೂರು ಬೇಕು. ಬಿದ್ದಾಗ ಹಾಕಿಕೊಂಡಿದ್ದ ಅಂಗಿ. ಆಸ್ಪತ್ರೆಯ ಸ್ಕ್ಯಾನ್ ಫಿಲಂ. ಮತ್ತೆ ಕಣ್ಣಾರೆ ಕಂಡ ಸಾಕ್ಷಿ."

"ಅಂಗಿ ಇದೆ ಸಾರ್, ತೋಳು ಹರಿದಿದೆ, ಭುಜದ ಹತ್ತಿರ ಕೊಳೆ, ಗ್ರೀಸು, ರಕ್ತ. ಫಿಲಂ ಇದೆ. ನೋಡಿದ್ದು ನಮ್ಮ ಪುಟ್ಟಿ," ಎಂದು ಅತ್ತೆ ನನ್ನನ್ನು ತೋರಿಸಿದರು.

"ಏನಮ್ಮಾ, ನೀನು ನೋಡಿದ್ಯಾ?"

ನಾನು ತಲೆಯಾಡಿಸಿದೆ.

"ಬಾಯಿಬಿಟ್ಟು ಹೇಳಬೇಕಾಗುತ್ತೆ. ಕೋರ್ಟಿನಲ್ಲಿ ಕಂಪನಿ ಕಡೆಯವರು ತಿರುಗಿಸಿ ಮುರುಗಿಸಿ ಕೇಳ್ತಾರೆ. ಹೇಳ್ತೀಯಾ?"

ನಾನು ನೆಲ ನೋಡಿದೆ. ಅತ್ತೆಯೇ ಹೇಳಿದರು: "ಸ್ಕೂಲಲ್ಲಿ ಹಾಜರಿ ಕೂಗಿದ್ರೂ ಬಾಯಿ ಬಿಡ್ತಿರಲಿಲ್ಲ ಸಾರ್. ವರ್ಷವೆಲ್ಲಾ ಗೈರುಹಾಜರಿ ಅಂತ ಬರೆದು ಕಳಿಸಿದ್ರು. ಆಮೇಲೆ ನಾವೇ ಬಿಡಿಸಿಬಿಟ್ವಿ."

ವಕೀಲರು ನಿಟ್ಟುಸಿರು ಬಿಟ್ಟು, "ಆಯ್ತು, ಮೊದಲಿನ ಎರಡು ತಂದುಕೊಡಿ," ಅಂದು ಹೋದರು.

ಈಗ ನಮ್ಮ ಮನೆತನದ ಸ್ವಭಾವ ಸ್ವಲ್ಪ ಹೇಳಬೇಕು. ಒಂದು ಬಟ್ಟೆಯಲ್ಲಿ ಏನು ನಡೆದಿದೆಯೋ ಅದನ್ನು ಇಲ್ಲವೆನಿಸುವುದೇ ನಮ್ಮ ಕಸುಬು. ಚೆಲ್ಲಿದ್ದು, ಹರಿದದ್ದು, ಬೆವರಿದ್ದು, ಅತ್ತದ್ದು, ಎಲ್ಲವೂ ಅತ್ತೆಯ ಕೈಗೆ ಬರುತ್ತದೆ. ಹೋಗುವಾಗ ಏನೂ ಆಗದ ಹಾಗೆ ಹೋಗುತ್ತದೆ. ಕಲೆ ಇರುವ ಬಟ್ಟೆ ನಮ್ಮ ಮನೆಯಿಂದ ಹೊರಗೆ ಹೋದದ್ದು ಇಲ್ಲ. ಅದರಲ್ಲೂ ವಕೀಲರ ಮನೆಗೆ!

ಎರಡು ದಿನ ಬಿಟ್ಟು ನಾವು ಮೂವರೂ ವಕೀಲರ ಆಫೀಸಿಗೆ ಹೋದೆವು. ಅತ್ತೆ ಮೇಜಿನ ಮೇಲೆ ಕಾಗದದ ಪೊಟ್ಟಣ ಇಟ್ಟು ದಾರ ಬಿಚ್ಚಿದರು. ಒಳಗಿದ್ದ ಅಂಗಿ ಹೊಸ ಅಂಗಿಗೇ ನಾಚಿಕೆ ಬರಿಸುವಂತಿತ್ತು. ಕಾಲರ್ ಕತ್ತಿಯಂತೆ ನಿಂತಿತ್ತು.

ವಕೀಲರು ಅದನ್ನು ತಿರುಗಿಸಿ ನೋಡಿದರು. ಕೊಡವಿ ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದರು.

"ಇದು ಯಾವ ಅಂಗಿ?"

"ಅದೇ ಸಾರ್. ಬಿದ್ದಾಗ ಹಾಕ್ಕೊಂಡಿದ್ದದ್ದು."

"ಭುಜದ ಹತ್ತಿರ ರಸ್ತೆಯ ಕೊಳೆ, ಗ್ರೀಸು, ರಕ್ತದ ಕಲೆ ಇತ್ತು ಅಂದ್ರಲ್ಲ?"

"ಇತ್ತು ಸಾರ್. ಗ್ರೀಸು ಬಹಳ ಹಠ ಮಾಡ್ತು. ನಾನು ಬಿಡಲಿಲ್ಲ." ಅತ್ತೆ ನಕ್ಕರು.

"ತೋಳು ಹರಿದಿತ್ತು ಅಂದ್ರಿ."

"ಎಲ್ಲಿ ಹರಿದಿತ್ತು ಅಂತ ನೀವೇ ಹುಡುಕಿ ನೋಡೋಣ!" ಎಂದು ಅತ್ತೆ ಕೈ ಕಟ್ಟಿ ನಿಂತರು.

ವಕೀಲರು ಹುಡುಕಿದರು. ಸಿಗಲಿಲ್ಲ. ಅವರಿಗೆ ಸಿಗದದ್ದು ನೋಡಿ ಮಾವನಿಗೂ ಹೆಮ್ಮೆಯಾಯಿತು. "ಸೂಜಿ ಕೆಲಸದಲ್ಲಿ ಇವಳನ್ನ ಮೀರಿಸೋರಿಲ್ಲ ಸಾರ್," ಅಂದರು. ವಕೀಲರು ಅಂಗಿಯನ್ನು ಮಡಿಸಿ ಮೇಜಿನ ಮೇಲಿಟ್ಟು, ಅದರ ಮೇಲೆ ಹಣೆ ಇಟ್ಟುಕೊಂಡರು. ಕಾಲರ್ ಆಗಲೂ ಬಾಗಲಿಲ್ಲ.

"ಫಿಲಂ?" ಅಂದರು, ಹಣೆ ಎತ್ತದೆ.

ಫಿಲಂ ಕಥೆ ಬೇರೆ. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಜಾಗವಿಲ್ಲದೆ ಮಾವ ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡಿದ್ದರು. ಮನೆಗೆ ಬಂದು ಬಿಚ್ಚಿದಾಗ ಮಧ್ಯದಲ್ಲಿ ಉದ್ದಕ್ಕೂ ಮಡಿಕೆ. ಸುಕ್ಕು ಬಿದ್ದದ್ದನ್ನು ದೊಡ್ಡವರ ಕೈಗೆ ಕೊಡುವುದು ಹೇಗೆ? ಅತ್ತೆ ಹುಷಾರಾಗಿಯೇ ಮಾಡಿದರು. ಮೇಲೆ ಒದ್ದೆ ಬಟ್ಟೆ ಹಾಸಿ, ಪೆಟ್ಟಿಗೆಯ ಕಾವನ್ನು ರೇಷ್ಮೆಗೆ ಇಡುವಷ್ಟಕ್ಕೇ ಇಳಿಸಿ, ಮೃದುವಾಗಿ ಒಂದೇ ಸಲ ಎಳೆದರು. ಮಾವನ ಭುಜ ನಮ್ಮ ಕಣ್ಣೆದುರೇ ಸೊಟ್ಟಗಾಗಿ, ಮುದುಡಿ, ಅಂಗೈಯಷ್ಟಾಯಿತು.

ಆ ಅಂಗೈಯಷ್ಟನ್ನು ಅತ್ತೆ ಪರ್ಸಿನಿಂದ ತೆಗೆದು ಮೇಜಿನ ಮೇಲಿಟ್ಟರು.

ವಕೀಲರು ಅದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವರು ಒಳ್ಳೆಯ ಮನುಷ್ಯ. ತಮ್ಮ ಕೋಟಿನ ತೋಳನ್ನು ಒಮ್ಮೆ ಸವರಿಕೊಂಡರು. ಅದರಿಂದ ಧೈರ್ಯ ಬಂದಿರಬೇಕು. "ಆಸ್ಪತ್ರೆಯಲ್ಲಿ ಇನ್ನೊಂದು ಪ್ರತಿ ಕೊಡ್ತಾರೆ. ನಾನೇ ತರಿಸ್ಕೊಳ್ತೀನಿ. ನೀವು ಅದನ್ನ ಮುಟ್ಟಬೇಡಿ. ಯಾವುದನ್ನೂ ಮುಟ್ಟಬೇಡಿ. ವಿಮೆ ಕಂಪನಿ ಕಡೆಯಿಂದ ಒಬ್ಬರು ಬಂದು ನಿಮ್ಮನ್ನ ನೋಡ್ತಾರೆ, ಯಾವತ್ತು ಅಂತ ಹೇಳಲ್ಲ. ಅವರ ಎದುರಿಗೆ ಈ ಭುಜದಿಂದ ಕೆಲಸ ಆಗಲ್ಲ ಅನ್ನೋದು ಕಾಣಬೇಕು. ಇದ್ದದ್ದು ಇದ್ದ ಹಾಗೆ ಇರಲಿ, ಅಷ್ಟೇ ಸಾಕು."

ಇದ್ದದ್ದನ್ನು ಇದ್ದ ಹಾಗೆ ಬಿಡುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅತ್ತೆ ಮಾವನ ಕೈ ಪಟ್ಟಿಯನ್ನು ದಿನಾ ಒಗೆದರು. ನೀಲಿ ಹಾಕಿದರು. ಗಂಜಿ ಹಾಕಿದರು. ಅದು ತಗಡಿನಂತಾಗಿ, ಮಾವ ಕೈ ತೆಗೆದರೂ ಕೈ ಇದ್ದ ಆಕಾರದಲ್ಲೇ ಕೊರಳಲ್ಲಿ ನಿಂತಿರುತ್ತಿತ್ತು. ಕತ್ತರಿಯಣ್ಣ ನೋಡಿ, "ಅಣ್ಣಾ, ಯಾವ ಊರಿಗೆ ಮಂತ್ರಿ ಆದೆ?" ಎಂದು ಕೇಳಿದ.

ಕೆಲಸ ನಿಲ್ಲಿಸಿದರೆ ಗಿರಾಕಿ ಹೋಗುತ್ತಾರೆ. ಮಾವ ಎಡಗೈಯಲ್ಲಿ ಇಸ್ತ್ರಿ ಕಲಿತರು. ಬಲಗೈಯನ್ನು ಪಟ್ಟಿಯಿಂದ ಹೊರಗೆ ಇಳಿಸಿ ಬಟ್ಟೆಯ ಅಂಚು ಒತ್ತಿ ಹಿಡಿಯುತ್ತಿದ್ದರು. ಮೇಜಿನ ಮಟ್ಟದಲ್ಲಿ ಅದು ಸುಮ್ಮನಿರುತ್ತಿತ್ತು. ಪೆಟ್ಟಿಗೆ ಇಡುವ ಕಬ್ಬಿಣದ ಮಣೆ ಮಾತ್ರ ಬಲಕ್ಕೇ ಉಳಿಯಿತು. ಅದನ್ನು ಮೇಜಿಗೆ ಮೊಳೆ ಹೊಡೆದು ಕೂರಿಸಿದ್ದರು. ಕಂಬಿಯ ಕೆಲಸ ನನ್ನ ಪಾಲಿಗೆ ಬಂತು. ಅಂಗಿ ಮುಗಿಯುತ್ತಿದ್ದಂತೆ, ಮಾವ ಮೇಲೆ ನೋಡುವ ಮೊದಲೇ, ನಾನು ಸ್ಟೂಲು ಹತ್ತಿ ತೂಗುಹಾಕಿ ಇಳಿದಿರುತ್ತಿದ್ದೆ. ಮೇಲಿನ ಹಲಗೆಯಿಂದ ಗಂಜಿ ಡಬ್ಬ, ಗೂಟದಿಂದ ಛತ್ರಿ, ಯಾವುದನ್ನೂ ಅವರು ಕೇಳಬೇಕಾಗುತ್ತಿರಲಿಲ್ಲ. ಕೇಳಬೇಕಾಗಿ ಬಂದಾಗ ಅವರ ಮುಖ ಒಂದು ಥರ ಆಗುತ್ತಿತ್ತು. ಅದನ್ನು ನೋಡುವುದು ನನಗೆ ಆಗುತ್ತಿರಲಿಲ್ಲ.

ಇದರಿಂದ ಬೀದಿಗೆ ಬೇಸರವಾಯಿತು.

"ಅಲ್ಲ ಅಕ್ಕಾ," ಎಂದು ಕತ್ತರಿಯಣ್ಣ ಅತ್ತೆಯ ಮುಂದೆ ಕುರ್ಚಿ ಎಳೆದುಕೊಂಡ. "ನಾನು ದಿನಾ ಎದುರಿಗೇ ಕೂತು ನೋಡ್ತೀನಿ. ಇಸ್ತ್ರಿ ನಡೀತಿದೆ. ಕಂಬಿ ತುಂಬ ಬಟ್ಟೆ ತೂಗ್ತಿದೆ. ಅಣ್ಣನ ಮುಖದಲ್ಲಿ ಕಳೆ ಇದೆ. ಕಂಪನಿಯವನು ಬಂದ್ರೆ ಏನನ್ನ ನೋಡಿ ಅಯ್ಯೋ ಅನ್ನಬೇಕು?"

"ಭುಜದ ಒಳಗೆ ಹರಿದಿದೆಯಲ್ಲಪ್ಪಾ."

"ಒಳಗೆ ಹರಿದದ್ದು ಯಾರಿಗೆ ಕಾಣುತ್ತೆ? ಕಾಲು ಆದ್ರೆ ಕಾಣುತ್ತೆ. ಬೀದಿ ಆ ತುದಿಯಿಂದಲೇ ಕಾಣುತ್ತೆ. ಅಣ್ಣ ಕುಂಟಬೇಕು."

"ನನ್ನ ಕಾಲಿಗೆ ಏನೂ ಆಗಿಲ್ವಲ್ಲೋ," ಅಂದರು ಮಾವ.

"ಆಗಿದೆ ಅಂತ ಯಾರು ಹೇಳಿದ್ರು? ನೀನು ಬಾಯಲ್ಲಿ ಸುಳ್ಳು ಹೇಳಬೇಡ. ಸುಮ್ಮನೆ ಕುಂಟು. ನೋಡಿದವರು ಏನು ತಿಳ್ಕೊಳ್ತಾರೋ ಅದು ಅವರಿಗೆ ಬಿಟ್ಟದ್ದು."

ಮಾವ ಒಪ್ಪಲಿಲ್ಲ. ಆಮೇಲೆ ಅತ್ತೆಯ ಮುಖ ನೋಡಿದರು. ಆಪರೇಷನ್ ಆಗದಿದ್ದರೆ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಗುತ್ತದೆಂದು ಅತ್ತೆ ಹಿಂದಿನ ರಾತ್ರಿ ಹೇಳಿದ್ದರು. ಮಾವ ಎದ್ದು ಕುಂಟಿದರು.

ಪಾಠ ಕಟಿಂಗ್ ಅಂಗಡಿಯಲ್ಲೇ ನಡೆಯಿತು. ಅಲ್ಲಿ ಮೂರು ಕಡೆಗೂ ಕನ್ನಡಿ ಇದೆ. ಮಾವ ಕೆಟ್ಟ ವಿದ್ಯಾರ್ಥಿ. ಹೋಗುವಾಗ ಎಡಗಾಲು ಎಳೆದರೆ ಬರುವಾಗ ಬಲಗಾಲು ಎಳೆಯುತ್ತಿದ್ದರು. "ಕನ್ನಡಿಯಲ್ಲಿ ಆ ಕಡೆಯದೇ ಅಲ್ವೇನೋ ಕುಂಟುತ್ತಿರೋದು?" ಎಂದು ಕೇಳುತ್ತಿದ್ದರು. ಅರ್ಧ ಕ್ಷೌರವಾದ ಗಿರಾಕಿಗಳು ಸೋಪು ಬಳಿದ ಮುಖ ತಿರುಗಿಸಿ, "ಇನ್ನೂ ಸ್ವಲ್ಪ ಬಗ್ಗಬೇಕು," "ಹಲ್ಲು ಕಚ್ಚಿಕೊಳ್ಳಿ ಯಜಮಾನ್ರೇ," ಎಂದು ಸಲಹೆ ಕೊಡುತ್ತಿದ್ದರು. ಮಾವನಿಗೆ ನಿಜವಾಗಿ ನೋವಾದಾಗ, ಅಂದರೆ ಬಾಗಿಲು ತೆಗೆಯಲು ಹೋಗಿ ಭುಜ ಚುಳುಕ್ಕೆಂದಾಗ, ಅವರ ಮುಖ ಬಿಳಿಚಿತು. ಯಾರೂ ಅದನ್ನು ಗಮನಿಸಲಿಲ್ಲ. ಅದು ಪಾಠದಲ್ಲಿ ಇರಲಿಲ್ಲ.

ಕೊನೆಗೆ ಆ ದಿನ ಬಂತು.

ನಾನು ಬುಟ್ಟಿಯ ಹತ್ತಿರ ನಿಂತಿದ್ದೆ. ಮೊದಲು ಬಂದದ್ದು ಒಬ್ಬ ಸಪೂರ ಮನುಷ್ಯ. ಕೈಯಲ್ಲಿ ಒಂದು ಚೀಲ. ಮೈಮೇಲೆ ಬನಿಯನ್ನು, ಅದರ ಮೇಲೆ ಗುಂಡಿ ಹಾಕಿದ ಸ್ವೆಟರು. ಚೀಲದಿಂದ ಒಂದು ಅಂಗಿ, ಒಂದು ಪ್ಯಾಂಟು ತೆಗೆದು ಕೊಟ್ಟರು. ಎರಡೂ ಹಸುವಿನ ಬಾಯಿಂದ ಬಂದಂತಿದ್ದವು. "ಪ್ರಯಾಣದಲ್ಲಿ ಹೀಗಾಯ್ತು. ಕೆಲಸದ ಮೇಲೆ ಒಂದು ಕಡೆ ಹೋಗಬೇಕು. ಈಗಲೇ ಮಾಡಿಕೊಡ್ತೀರಾ?"

"ಕೂತ್ಕೊಳ್ಳಿ ಸಾರ್, ಆಗುತ್ತೆ," ಅಂದರು ಮಾವ. ಬಂದವರು ಗೋಡೆ ಪಕ್ಕದ ಬೆಂಚಿನ ಮೇಲೆ ಕುಳಿತರು. ಅಂಗಿ ಮುಗಿಯಿತು. ಮಾವ ಕತ್ತೆತ್ತುವ ಮೊದಲೇ ನಾನು ಅದನ್ನು ಹ್ಯಾಂಗರಿಗೆ ಹಾಕಿ ಕಂಬಿಗೆ ಏರಿಸಿದೆ. ಮಾವ ಪ್ಯಾಂಟು ಹರಡಿಕೊಂಡರು. ಬೆಂಚಿನ ಮೇಲಿದ್ದವರು ಮಾವನ ಕೈಯನ್ನೇ ನೋಡುತ್ತಿದ್ದರು. ಇಸ್ತ್ರಿ ಅಂಗಡಿಯಲ್ಲಿ ಕಾಯುವವರು ಸಾಮಾನ್ಯವಾಗಿ ತಮ್ಮ ಬಟ್ಟೆ ನೋಡುತ್ತಾರೆ. ಕೈ ನೋಡುವುದಿಲ್ಲ.

ಅಷ್ಟರಲ್ಲಿ ಎರಡನೆಯವನು ಬಂದ. ದಪ್ಪ, ಟೈ, ದೊಡ್ಡ ಚರ್ಮದ ಬ್ಯಾಗು, ಕಂಕುಳಲ್ಲಿ ಫೈಲು. ಬಾಗಿಲಲ್ಲಿ ನಿಂತು ಬೋರ್ಡು ಓದಿ, "ಯಜಮಾನ್ರು ಯಾರು? ಸ್ವಲ್ಪ ವಿವರ ಕೇಳಬೇಕಿತ್ತು," ಅಂದ.

ಎದುರು ಅಂಗಡಿಯಲ್ಲಿ ಕತ್ತರಿ ಟಣ್ ಎಂದು ಕೆಳಗೆ ಬಿದ್ದದ್ದು ಕೇಳಿಸಿತು. ಕತ್ತರಿಯಣ್ಣ ರಸ್ತೆ ದಾಟಿ ಬಂದದ್ದು ಕಾಣಲೇ ಇಲ್ಲ, ಬಂದಾಗಿತ್ತು. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ಹಿಂದಿನ ಕೋಣೆಯಿಂದ ಹೊರಬಿದ್ದರು. ಮಾವ ಪೆಟ್ಟಿಗೆಯನ್ನು ಮಣೆಯ ಮೇಲೆ ಇಟ್ಟು, ಕೈಯನ್ನು ಪಟ್ಟಿಗೆ ತುರುಕಿ, ಒಂದು ಕ್ಷಣ ಕಾಲುಗಳನ್ನು ನೋಡಿಕೊಂಡು, ಒಂದನ್ನು ಆರಿಸಿ ಎಳೆದರು.

"ನೋಡಿ ಸಾರ್, ನೋಡಿ!" ಎಂದು ಕತ್ತರಿಯಣ್ಣ ಕೂಗಿದ. "ಕುದುರೆ ಥರ ಓಡಾಡ್ತಿದ್ದ ಮನುಷ್ಯ!"

"ಅಯ್ಯೋ, ಏನಾಯ್ತು?" ಅಂದ ಟೈನವನು.

"ಏನಾಯ್ತು ಅಂತ ಕೇಳ್ತೀರಲ್ಲ ಸಾರ್, ನಿಮಗೆ ಗೊತ್ತಿಲ್ವಾ? ಹಾಸಿಗೆ! ಆಕಾಶದಿಂದ ಬಿದ್ದ ಹಾಗೆ ಬಿತ್ತು!"

"ರಾತ್ರಿಯೆಲ್ಲಾ ನಿದ್ದೆ ಇಲ್ಲ ಸಾರ್," ಅಂದರು ಅತ್ತೆ. "ಹಾಸಿಗೆ ಕಂಡ್ರೆ ಬೆಚ್ಚಿಬೀಳ್ತಾರೆ. ನೆಲದ ಮೇಲೇ ಮಲಗ್ತಾರೆ." ಇದು ಅವರಿಗೆ ಆಗಲೇ ಹೊಳೆದದ್ದು. ಮಾವನಿಗೂ ಹೊಸ ಸುದ್ದಿ. ಬೆಚ್ಚಿ ಅತ್ತೆಯನ್ನು ನೋಡಿದರು.

ಮಾವ ಗೋಡೆ ಮುಟ್ಟಿ ತಿರುಗಿದರು. ತಿರುಗುವಾಗ ಕಾಲು ಬದಲಾಯಿತು.

"ಮೊದಲು ಎಡಗಾಲು ಅಲ್ವಾ ಎಳೀತಿದ್ದದ್ದು?" ಎಂದು ಟೈನವನು ಗಾಬರಿಯಿಂದ ಕೇಳಿದ.

"ಎರಡೂ ಸಾರ್," ಅಂದ ಕತ್ತರಿಯಣ್ಣ, ಉಸಿರು ತೆಗೆದುಕೊಳ್ಳದೆ. "ಸರದಿ ಪ್ರಕಾರ ನೋಯುತ್ತೆ. ಡಾಕ್ಟರಿಗೇ ಅರ್ಥ ಆಗಿಲ್ಲ."

ಟೈನವನ ಕಣ್ಣು ತುಂಬಿತು. ಒಳ್ಳೆಯ ಮನಸ್ಸಿನವನು. "ಇಂಥ ಸ್ಥಿತಿಯಲ್ಲೂ ಅಂಗಡಿ ನಡೆಸ್ತಿದ್ದೀರಲ್ಲಾ! ನಿಮ್ಮಂಥವರಿಗೇ ನಮ್ಮ ಕಂಪನಿ ಸಹಾಯ ಮಾಡಬೇಕು," ಎಂದು ಮೇಜಿನ ಹತ್ತಿರ ಬಂದು ಬ್ಯಾಗು ಬಿಚ್ಚಿದ. ಅತ್ತೆ ಮಾವನ ಬೆನ್ನು ತಟ್ಟಿದರು. ಕತ್ತರಿಯಣ್ಣ ನನಗೆ ಕಣ್ಣು ಹೊಡೆದ. ಮಾವ ನಿಟ್ಟುಸಿರು ಬಿಟ್ಟು, ಸುಡುತ್ತಿದ್ದ ಪೆಟ್ಟಿಗೆಯನ್ನು ಎಡಗೈಯಲ್ಲಿ ಎತ್ತಿಕೊಂಡು, ಅರ್ಧಕ್ಕೆ ನಿಲ್ಲಿಸಿದ್ದ ಪ್ಯಾಂಟಿನ ಕಡೆಗೆ ತಿರುಗಿದರು. ಗಿರಾಕಿಯನ್ನು ಕಾಯಿಸುವುದು ಅವರಿಗೆ ಆಗದು.

ಬ್ಯಾಗಿನಿಂದ ಪೊಟ್ಟಣಗಳು ಹೊರಬಂದವು. ಒಂದು, ಇನ್ನೊಂದು, ಮತ್ತೊಂದು. ಬಣ್ಣ ಬಣ್ಣದವು. ಮೇಜು ತುಂಬಿತು, ಮಣೆಯ ಮೇಲೂ ಒಂದು ರಾಶಿ ಬಿತ್ತು.

"ಇದು ನಮ್ಮ ಹೊಸ ಗಂಜಿ ಪುಡಿ," ಅಂದ ಟೈನವನು. "ಕುದಿಸೋದು ಬೇಡ, ತಣ್ಣೀರಲ್ಲೇ ಕರಗುತ್ತೆ. ನಿಮ್ಮ ಸ್ಥಿತಿ ನೋಡಿ ಒಂದು ಪೊಟ್ಟಣ ಹಾಗೇ ಕೊಡ್ತೀನಿ. ತಿಂಗಳಿಗೆ ಎಷ್ಟು ಬೇಕಾಗುತ್ತೆ ಅಂತ ಹೇಳಿದ್ರೆ..."

ಕತ್ತರಿಯಣ್ಣ ಒಂದು ಪೊಟ್ಟಣ ಎತ್ತಿ ಅದರ ಮೇಲೆ ಬರೆದದ್ದನ್ನು ಓದಿದ.

"ನೀವು ವಿಮೆ ಕಂಪನಿಯವರಲ್ವಾ?" ಎಂದು ಅತ್ತೆ ಕೇಳಿದರು.

"ಗಂಜಿ ಕಂಪನಿ ಅಮ್ಮಾ."

"ವಿಮೆ ಕಂಪನಿಯವನು ನಾನು," ಎಂದು ಬೆಂಚಿನ ಮೇಲಿದ್ದವರು ಹೇಳಿದರು. ದನಿ ಎತ್ತಲಿಲ್ಲ. ಟೈನವನಿಗೆ ಏನೂ ತಿಳಿಯದಿದ್ದರೂ, ಇಲ್ಲಿ ಇರುವುದು ಕ್ಷೇಮವಲ್ಲ ಎಂಬುದು ತಿಳಿಯಿತು. ಪೊಟ್ಟಣಗಳನ್ನು ಬಿಟ್ಟು ಬಾಗಿಲಿಗೆ ಸರಿದು ನಿಂತ.

"ಯಜಮಾನ್ರೇ, ಕುಂಟೋದು ಯಾವ ಕಾಲು?"

ಮಾವ ತಲೆ ತಗ್ಗಿಸಿದರು. "ಯಾವುದೂ ಅಲ್ಲ ಸಾರ್. ಕಾಲು ಚೆನ್ನಾಗಿವೆ."

"ಬಿದ್ದಾಗ ಹಾಕಿದ್ದ ಅಂಗಿ?"

"ಒಗೆದುಬಿಟ್ವಿ ಸಾರ್."

"ಮೊದಲನೇ ಫಿಲಂ?"

"ಇಸ್ತ್ರಿ ಹಾಕಿದ್ವಿ."

"ಬಿದ್ದ ಹಾಸಿಗೆ ಎತ್ತಿಕೊಟ್ಟವರ್ಯಾರು?"

"ನಾನೇ ಸಾರ್."

"ಕಟ್ಟೋದನ್ನೂ ನೀವೇ ತೋರಿಸಿಕೊಟ್ರಿ ಅಂತ ಡ್ರೈವರ್ ಹೇಳಿದ."

"ಅವನಿಗೆ ಗೊತ್ತಿರಲಿಲ್ಲ ಸಾರ್. ಗಂಟು ಸಡಿಲ ಹಾಕ್ತಿದ್ದ."

ಕತ್ತರಿಯಣ್ಣ ಏನೋ ಹೇಳಲು ಬಾಯಿ ತೆರೆದ. ಅತ್ತೆ ಅವನನ್ನು ನೋಡಿದ ನೋಟಕ್ಕೆ ಮುಚ್ಚಿದ.

"ನಾನು ಕೆಟ್ಟವನಲ್ಲ," ಅಂದರು ವಿಮೆಯವರು. "ಎರಡನೇ ಫಿಲಂ ನೋಡಿದ್ದೀನಿ. ಭುಜದಲ್ಲಿ ಹರಿದಿದೆ, ಒಪ್ಕೊಳ್ತೀನಿ. ಆದರೆ ಕೈಯಿಂದ ಕೆಲಸ ಆಗಲ್ಲ ಅಂತ ಅರ್ಜಿಯಲ್ಲಿ ಬರೆದಿದ್ದೀರಿ. ಈಗ ನನ್ನ ಕಣ್ಣೆದುರೇ ಆ ಕೈ ಪಟ್ಟಿಯಿಂದ ಹೊರಗೆ ಬಂದು ಕೆಲಸ ಮಾಡ್ತಿತ್ತು. ಕಾಲು ಸುಳ್ಳಾಯ್ತು. ಭುಜ ನಿಜ ಅಂತ ನಾನು ಹೇಗೆ ಬರೀಲಿ? ನನಗೂ ಮೇಲಿನವರಿದ್ದಾರೆ."

"ಬರೀಬೇಡಿ ಸಾರ್," ಅಂದರು ಮಾವ. ಬಹಳ ದಿನಗಳಿಂದ ಅವರ ದನಿ ಅಷ್ಟು ಹಗುರವಾಗಿರಲಿಲ್ಲ. "ನಮ್ಮಿಂದ ತಪ್ಪಾಯ್ತು. ನಿಮ್ಮ ಪ್ಯಾಂಟು ಮುಗೀತು, ಒಂದು ಗೆರೆ ಎಳೀತೀನಿ."

ಎಳೆದರು. ಬಲಗೈಯನ್ನು ಪಟ್ಟಿಯಿಂದ ಇಳಿಸಿ ಅಂಚು ಒತ್ತಿ, ಎಡಗೈಯಲ್ಲಿ ಎಳೆದರೂ ಗೆರೆ ನೇರವಾಗಿ ಬಂತು. ಅತ್ತೆ ಗೋಡೆಯ ಕಡೆ ತಿರುಗಿ ನಿಂತಿದ್ದರು. ಅವರ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಸ್ಟೂಲಿನ ಮೇಲೆ ಕುಳಿತಿದ್ದೆ. ವಕೀಲರು ಹೇಳಿದ್ದು ನೆನಪಾಗುತ್ತಿತ್ತು. ಬಾಯಿಬಿಟ್ಟು ಹೇಳಬೇಕು. ಹೇಳಲು ಎಲ್ಲವೂ ಇತ್ತು, ಬಾಯಿ ಮಾತ್ರ ಒಣಗಿತ್ತು.

ವಿಮೆಯವರು ಎದ್ದು ಸ್ವೆಟರಿನ ಗುಂಡಿ ಬಿಚ್ಚಿದರು. "ಅಂಗಿ ಕೊಡಿ, ಹೊರಡ್ತೀನಿ."

ಅಂಗಿ ಕಂಬಿಯ ಮೇಲಿತ್ತು. ಮಾವ ಎಡಗೈಯಲ್ಲಿದ್ದ ಪೆಟ್ಟಿಗೆಯನ್ನು ಇಡಲು ಬಲಕ್ಕೆ ನೋಡಿದರು. ಮಣೆಯ ಮೇಲೆ ಗಂಜಿ ಪುಡಿ. ಮೇಜಿನ ತುಂಬ ಗಂಜಿ ಪುಡಿ, ಗಂಜಿ ಪುಡಿಯಿಲ್ಲದ ಕಡೆ ಗಿರಾಕಿಯ ಪ್ಯಾಂಟು. ಪೆಟ್ಟಿಗೆ ಹಬೆ ಬಿಡುತ್ತಿತ್ತು. ಗಿರಾಕಿ ಕೈ ಚಾಚಿ ನಿಂತಿದ್ದರು. ಮಾವ ಯೋಚಿಸಲಿಲ್ಲ. ಅಷ್ಟು ವರ್ಷ ತಾನಾಗಿಯೇ ಮೇಲೆ ಹೋಗಿ ಬರುತ್ತಿದ್ದ ಬಲಗೈ, ಈಗಲೂ ತಾನಾಗಿಯೇ ಹೊರಟಿತು.

ಎದೆಯವರೆಗೆ ಹೋಯಿತು. ಅಲ್ಲಿ ನಿಂತಿತು. ನಿಂತಲ್ಲೇ ನಡುಗಿತು. ಮಾವನ ಮುಖದಲ್ಲಿ ರಕ್ತವಿಲ್ಲ. ಆ ಕೈಗೆ ಕತ್ತರಿಯಣ್ಣ ಪಾಠ ಕಲಿಸಿರಲಿಲ್ಲ, ಅತ್ತೆ ಗಂಜಿ ಹಾಕಿರಲಿಲ್ಲ. ಕಂಬಿ ಇನ್ನೂ ಅಷ್ಟು ಮೇಲಿತ್ತು.

ಮಾವ ನನ್ನ ಕಡೆಗೆ ತಿರುಗಿದರು. ನನ್ನ ಕಾಲು ಆಗಲೇ ನೆಲ ಊರಿತ್ತು. ಏಳಬೇಕು, ಸ್ಟೂಲು ಎಳೆಯಬೇಕು, ಹತ್ತಬೇಕು, ದಿನಾ ಮಾಡಿದ ಹಾಗೆ ಅವರು ಕೇಳುವ ಮೊದಲೇ ಮುಗಿಸಬೇಕು. ವಿಮೆಯವರ ಕಣ್ಣು ಆ ಕೈಯ ಮೇಲಿತ್ತು.

ನಾನು ಸ್ಟೂಲಿನ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡು ಕುಳಿತೇ ಇದ್ದೆ.

ಮಾವನಿಗೆ ಅರ್ಥವಾಗಲಿಲ್ಲ. ನನ್ನನ್ನು ನೋಡಿದರು, ಅತ್ತೆಯ ಬೆನ್ನನ್ನು ನೋಡಿದರು, ಕತ್ತರಿಯಣ್ಣನನ್ನು ನೋಡಿದರು. ಅತ್ತೆ ತಿರುಗಿ ಒಂದು ಹೆಜ್ಜೆ ಮುಂದೆ ಬಂದವರು, ನನ್ನ ಮುಖ ನೋಡಿ ಅಲ್ಲೇ ನಿಂತರು. ಕತ್ತರಿಯಣ್ಣ ಮಾವನ ಕೈಯನ್ನು ಮೊದಲ ಸಲ ನೋಡುವವನಂತೆ ನೋಡುತ್ತಿದ್ದ.

"ಪುಟ್ಟೀ," ಅಂದರು ಮಾವ. ಸ್ವಲ್ಪ ಹೊತ್ತು ಕಾದರು. ಆಮೇಲೆ ಯಾರಿಗೆ ಎಂದಿಲ್ಲದೆ, ಮೆಲ್ಲಗೆ ಕೇಳಿದರು:

"ಯಾರಾದ್ರೂ ಆ ಅಂಗಿ ಸ್ವಲ್ಪ ಇಳಿಸಿಕೊಡ್ತೀರಾ?"